ಮೂಳೆ ಹಿಡಿಯದ ಬಿಲ್ಲೆ

ಫರ್ನೇಸ್ ರೂಮಿಗೆ ಇಳಿದು ಬರುವಾಗ ಅವಳ ಕೋಪ ಮೂಗಿನ ತುದಿಯಲ್ಲೇ ಇತ್ತು.

“ಈ ಸಲದ ಬಿಲ್ಲೆಗಳನ್ನ ಪಾಲಿಶ್ ಮಾಡಿದ್ದು ಯಾರು?”

ಫರ್ನೇಸ್ ನೋಡಿಕೊಳ್ಳುವ ಎಂಜಿನಿಯರ್ ಕೈಗವಸು ಕಳಚಿದ. “ನಾನೇ ಮೇಡಂ. ಚೆನ್ನಾಗಿಲ್ವಾ?”

“ಚೆನ್ನಾಗಿರೋಕೆ ಅವೇನು ಒಡವೇನಾ?”

ಮುರಿದ ಮೂಳೆಯೊಳಗೆ ಕೂರಿಸುವ ಸೆರಾಮಿಕ್ ಬಿಲ್ಲೆಗಳವು. ಅವನು ಸುಟ್ಟು ಕೊಡುತ್ತಿದ್ದ. ಮೂಳೆ ಅವನ್ನು ಹಿಡಿದುಕೊಂಡಿತೋ ಇಲ್ಲವೋ ಎಂದು ಮಹಡಿಯ ಲ್ಯಾಬಿನಲ್ಲಿ ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡುತ್ತಿದ್ದಳು. ಬಿಲ್ಲೆ ಒರಟಾಗಿರಬೇಕು, ಮೈತುಂಬ ಸಣ್ಣ ತೂತುಗಳಿರಬೇಕು. ಆಗಲೇ ಮೂಳೆ ಅದರೊಳಕ್ಕೆ ಬೆಳೆಯುವುದು. ಈ ಪುಣ್ಯಾತ್ಮ ಹೆಚ್ಚು ಸುಟ್ಟು, ಕನ್ನಡಿಯಂತೆ ಉಜ್ಜಿ, ತೂತುಗಳನ್ನೆಲ್ಲ ಮುಚ್ಚಿಹಾಕಿದ್ದ. ಮೊಲದ ಮೂಳೆಯಲ್ಲಿ ಕೂರಿಸಿ ತಿಂಗಳುಗಟ್ಟಲೆ ಕಾದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

“ಹೋದ ಸಲ ಹೆಚ್ಚು ಬೆಂದು ಕೆಟ್ಟ ಒಂದು ಬಿಲ್ಲೆ ಹಿಡ್ಕೊಂಡು, ಎಷ್ಟು ನುಣುಪಾಗಿದೆ ಅಂತ ನಕ್ಕಿದ್ರಿ,” ಎಂದ ಅವನು, ತಲೆ ತಗ್ಗಿಸಿ. “ನೀವು ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ.”

ಅವಳ ಕೋಪ ಅಲ್ಲೇ ಠುಸ್ಸೆಂದಿತು.

“ಈಗ ಅವಕ್ಕೆ ಏನಾಗಿದೆ?” ಅವನೇ ಕೇಳಿದ.

“ದೇಹ ಜಗಳ ಆಡಿಲ್ಲ, ಹೊರಗೂ ಹಾಕಿಲ್ಲ. ಸುತ್ತ ತೆಳುವಾದ ಪೊರೆ ಕಟ್ಟಿ, ನಿನ್ನ ಪಾಡಿಗೆ ನೀನಿರು ಅಂತ ಇಟ್ಟಿದೆ.”

“ನೀವು ನಮ್ಮನ್ನೆಲ್ಲ ಇಟ್ಟ ಹಾಗೆ,” ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ.

ಮಾತು ಚುರುಕ್ಕೆಂದಿತು. ಸುಳ್ಳಾಗಿದ್ದರೆ ಬೈದುಬಿಡಬಹುದಿತ್ತು. ಅಮ್ಮ ಹೋದಾಗಿನಿಂದ ಮನೆಯಲ್ಲಿ ಸದ್ದು ಮಾಡುವುದು ಕುಕ್ಕರ್ ಒಂದೇ. ರಜೆಯ ದಿನ ಸಂಜೆಯಾದರೂ ಅವಳ ಗಂಟಲಿನಿಂದ ಒಂದು ಮಾತು ಹೊರಟಿರುತ್ತಿರಲಿಲ್ಲ. ಒಂಟಿತನ ಅವಳಿಗೆ ಅಭ್ಯಾಸವಾಗಿತ್ತೇ ಹೊರತು ಇಷ್ಟವಾಗಿರಲಿಲ್ಲ. ಈಗಲೂ ಸುಮ್ಮನೆ ಮೆಟ್ಟಿಲು ಹತ್ತಿದರೆ ಇವನು ಮತ್ತೆಂದೂ ಬಾಯಿ ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ತಪ್ಪಾಯ್ತು ಮೇಡಂ. ಬೇರೆ ಸುಟ್ಟು ಕೊಡ್ತೀನಿ.”

“ಕೊಡಿ.”

ಬಾಗಿಲವರೆಗೆ ಹೋದವಳು ನಿಂತಳು.

“ಭಾನುವಾರ ನಮ್ಮನೆಗೆ ಬರ್ತೀರಾ? ಕೆಲಸಕ್ಕಲ್ಲ. ನಂಗೆ... ಒಬ್ಬಳೇ ಇದ್ದು ಇದ್ದು ಸಾಕಾಗಿದೆ.”

ಅವನು ಈ ಸಲ ತಲೆ ತಗ್ಗಿಸಲಿಲ್ಲ. ನೇರವಾಗಿ ಅವಳನ್ನೇ ನೋಡಿದ.

“ಭಾನುವಾರ ಇನ್ನೂ ದೂರ ಇದೆಯಲ್ಲಾ. ಇವತ್ತೇ ಬರ್ಲಾ?”

ಅವಳು ಹೂಂ ಎಂದು ತಲೆಯಾಡಿಸಿ ಹೊರಬಂದಳು. ಮೆಟ್ಟಿಲಿನ ತಿರುವಿನಲ್ಲಿ, ಯಾರೂ ಕಾಣದ ಕಡೆ ನಿಂತು ಅತ್ತಳು. ಅಮ್ಮ ಹೋದ ದಿನವೂ ಅವಳು ಅಷ್ಟು ಅತ್ತಿರಲಿಲ್ಲ.