ಒದ್ದೆ ಪಟ್ಟಿ ಹೇಳಿದ ಸುಳ್ಳು

"ಇವರ ಕೈಲಿ ನಾನು ಪರೀಕ್ಷೆ ಮಾಡಿಸ್ಕೊಳ್ಳಲ್ಲ. ಬೇರೆ ಯಾರನ್ನಾದ್ರೂ ಕರೀರಿ."

ಕಣ್ಣಾಸ್ಪತ್ರೆಯ ಲ್ಯಾಬಿನ ಬಾಗಿಲಲ್ಲೇ ಟೈಲರ್ ಹುಡುಗಿ ನಿಂತುಬಿಟ್ಟಳು. ಒಳಗಿದ್ದ ಟೆಕ್ನಿಷಿಯನ್ ತಲೆ ತಗ್ಗಿಸಿದ. ಕರೆಯಲು ಬೇರೆ ಯಾರೂ ಇರಲಿಲ್ಲ.

ಹೋದ ವರ್ಷ ಪರೀಕ್ಷೆಗೆಂದು ಅವಳ ಕಣ್ಣೀರು ತೆಗೆದವನು ಇವನೇ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷ ಏನೇನೋ ಹರಟುತ್ತಾ ಕೂರಿಸಿದ್ದ. ಕಣ್ಣೀರಿನ ಪ್ರೋಟೀನ್ ನೋಡಿ ರೋಗ ಹಿಡಿಯುವ ಪರೀಕ್ಷೆ ಅದು. ಪಟ್ಟಿ ಚೆನ್ನಾಗಿ ಒದ್ದೆಯಾಯಿತು. ರೋಗವಿಲ್ಲ ಎಂದು ವರದಿ ಬಂತು.

ಆ ಹಾಳೆ ಹಿಡಿದು ಅಕ್ಕ ಮನೆಯಲ್ಲಿ ಕುಣಿದಳು. "ಕಣ್ಣುರಿಯಂತೆ, ಕಣ್ಣುರಿ. ಮೈಗಳ್ಳತನ ಅನ್ನು."

ಹುಡುಗಿ ಹಲ್ಲು ಕಚ್ಚಿ ಹೊಲಿದಳು. ಮರಳು ಬಿದ್ದಂಥ ಕಣ್ಣಲ್ಲೇ ಒಂದು ವರ್ಷ ಹೊಲಿದಳು. ಈಗ ಎಡಗಣ್ಣಿನ ಮೇಲೆ ಬಿಳಿ ಕಲೆ ಕೂತಿದೆ. ಬಲಗಣ್ಣೂ ಮಂಜಾಗುತ್ತಿದೆ.

"ನಿಮ್ಮನ್ನ ಎಷ್ಟು ನಂಬಿದ್ದೆ ಗೊತ್ತಾ?"

"ಕೂತ್ಕೊಳ್ಳಿ... ಇವತ್ತು ಡ್ರಾಪ್ಸ್ ಹಾಕಿದ್ದೀರಾ?"

"ಇಲ್ಲ."

"ಹೋದ ಸಲ?"

ಅವಳಿಗೆ ಆ ದಿನ ನೆನಪಾಯಿತು.

ಹೆಸರು ಬರೆಸಲು ಬಂದ ದಿನವೇ ಇವನು ಮನಸ್ಸಿಗೆ ಹಿಡಿಸಿದ್ದ. ಪರೀಕ್ಷೆಯ ದಿನ ಕೆಂಪು ಕಣ್ಣು ಹೊತ್ತು ಇವನೆದುರು ಕೂರಲು ನಾಚಿಕೆಯಾಗಿ, ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಎರಡೂ ಕಣ್ಣಿಗೆ ಡ್ರಾಪ್ಸ್ ಸುರಿದುಕೊಂಡಿದ್ದಳು. ಇಂಥ ಪೆದ್ದುತನಕ್ಕೆ ಪ್ರೀತಿಯೇ ಆಗಬೇಕು. ಪಟ್ಟಿ ಹೀರಿದ್ದು ಸೀಸೆಯ ನೀರನ್ನು!

"ಹಾಕಿದ್ದೆ," ಅಂದಳು. "ನಿಮಗೆ ಕಣ್ಣು ಚೆನ್ನಾಗಿ ಕಾಣ್ಲಿ ಅಂತ."

ಅವನ ಮುಖ ಬಿಳುಚಿತು. "ಎಲ್ಲರನ್ನೂ ಮೊದಲು ಅದೇ ಕೇಳ್ತೀನಿ. ನಿಮ್ಮನ್ನ ಕೇಳ್ಲಿಲ್ಲ. ಅಷ್ಟು ಹೊಳೀತಿದ್ವು ಕಣ್ಣು... ನೋಡ್ತಾ ಮರೆತುಬಿಟ್ಟೆ."

ಅವಳು ಬಂದು ಕೂತಳು, ಅವನು ಪಟ್ಟಿ ಸಿಕ್ಕಿಸಿದ. ಐದು ನಿಮಿಷ ಕಳೆದರೂ ಈ ಸಲ ಪಟ್ಟಿಯ ತುದಿಯಷ್ಟೇ ನೆನೆಯಿತು.

ವಾರದ ನಂತರ ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ದೇಹವೇ ತನ್ನ ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿಬಿದ್ದಿದೆ. ಎಡಗಣ್ಣಿನ ಕಲೆ ಹೋಗುವುದಿಲ್ಲ. ಬಲಗಣ್ಣನ್ನು ಉಳಿಸಲು ನೋಡೋಣ.

ಹೊರಗೆ ಬೆಂಚಿನ ಮೇಲೆ ಅಕ್ಕ ಸೆರಗು ಕಚ್ಚಿ ಅಳುತ್ತಿದ್ದಳು. ಅಳಬೇಕಾದವಳಿಗೆ ಕಣ್ಣೀರೇ ಬರಲಿಲ್ಲ.

ಅವನು ಬಂದು ಪಕ್ಕದಲ್ಲಿ ನಿಂತ. "ಕ್ಷಮಿಸು ಅಂತ ಕೇಳೋ ಮುಖ ಇಲ್ಲ ನಂಗೆ. ಆದ್ರೆ ನಿನ್ನ ಜೊತೆಗಿರ್ತೀನಿ. ಬೇಡ ಅಂದ್ರೆ ಈಗಲೇ ಹೇಳು."

"ಪಾಪ ಅಂತಾನಾ?"

"ಅಲ್ಲ. ಇಷ್ಟ ಅಂತ."

"ನಾಳೆ ಬಾಯಿ ಒಣಗತ್ತಂತೆ. ಕೀಲು ಹಿಡ್ಕೊಳತ್ತಂತೆ. ಜೀವನ ಪೂರ್ತಿ ಇರೋ ರೋಗವಂತೆ..."

"ಗೊತ್ತು. ವರದಿ ಮೊದಲು ಓದಿದೋನೇ ನಾನು."

ಅವಳು ಒಂದೇ ಕಣ್ಣಲ್ಲಿ ಅವನನ್ನು ದಿಟ್ಟಿಸಿದಳು.

"ಓದಿದ ಮೇಲೂ ಬಂದ್ಯಾ?"

"ಓದಿದ ತಕ್ಷಣ ಬಂದೆ."