ಬಂಡೆಗೆ ಕೆನ್ನೆಯಿಟ್ಟು

ಬಾಗಿಲು ತೆರೆದ ವನಜಾಕ್ಷಿಗೆ ಆ ಯುವಕ ಹೇಳಿದ ಮೊದಲ ಮಾತೇ ಮೈ ಉರಿಸುವಂತಿತ್ತು.

"ನಮಸ್ಕಾರ ಮೇಡಂ. ಸೊಣ್ಣಮ್ಮನವರ ಮಾತು ಸುಳ್ಳು ಅಂತ ಪುಸ್ತಕದಲ್ಲಿ ಬರೆಯೋಕ್ ಮುಂಚೆ ಅವರನ್ನೊಂದ್ಸಲ ಕಂಡು ಹೋಗೋಣ ಅಂತ ಬಂದೆ."

"ತೀರ್ಪು ಕೊಟ್ಟಾದ್ಮೇಲೆ ವಿಚಾರಣೆನಾ? ಚೆನ್ನಾಗಿದೆ ಸಾರ್ ನಿಮ್ಮ ಕೋರ್ಟು!"

ಅವಳು ಬಾಗಿಲು ಮುಚ್ಚಲು ಹೋದಳು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಕೂಗಿದಳು. "ಯಾರವ್ವಾ ಅದು? ಬಿಸಿಲಲ್ಲಿ ನಿಲ್ಲಿಸ್ಬೇಡ. ಕರ್ದು ಮಜ್ಜಿಗೆ ಕೊಡು."

ಹೀಗೆ ಮಜ್ಜಿಗೆಯ ದೆಸೆಯಿಂದ ಜಯದೇವ ಆ ಮನೆಯೊಳಗೆ ಕಾಲಿಟ್ಟ.

ಅದು ಎಂಬತ್ತೆರಡನೆಯ ಇಸವಿ. ಕುಮಾರಸ್ವಾಮಿ ಲೇಔಟಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ ಏಳುತ್ತಿದ್ದ ಕಾಲ. ಸೊಣ್ಣಮ್ಮನ ರಾಗಿ ಹೊಲವೂ ಸೈಟುಗಳಾಗಿ, ಉಳಿದ ಚೂರು ಜಾಗದಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು. ಮೊಮ್ಮಗಳು ವನಜಾಕ್ಷಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರೂರಿಗೆ ಲೈನು ಜೋಡಿಸುವ ಟ್ರಂಕ್ ಕಾಲ್ ಆಪರೇಟರ್. ಜಯದೇವ ಜಯನಗರ ಫೋರ್ತ್ ಬ್ಲಾಕಿನಲ್ಲಿ, ಮಹಡಿಯ ಮೇಲಿನ ಒಂದು ಚರಿತ್ರೆ ಸಮಿತಿಯಲ್ಲಿದ್ದ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಅದರಲ್ಲಿನ ಸಂಗತಿಗಳು ನಿಜವೋ ಸುಳ್ಳೋ ನೋಡುವುದು ಅವನ ಕೆಲಸ.

ಈಗ ನೋಡಬೇಕಿದ್ದದ್ದು ಏಕಾಂತಯ್ಯನ ಕೊಲೆ. ಐವತ್ತು ವರ್ಷಗಳ ಹಿಂದೆ ಕಂದಾಯದ ವಿರುದ್ಧ ರೈತರನ್ನು ಒಗ್ಗೂಡಿಸಿದ ನಾಯಕ ಆತ. ಊರಾಚೆಯ ದೊಡ್ಡ ಬಂಡೆಯ ಬುಡದಲ್ಲಿ ಸಭೆ ಮುಗಿಸುತ್ತಿದ್ದಾಗ ಯಾರದೋ ದುಡ್ಡು ತಿಂದವನೊಬ್ಬ ಗುಂಡು ಹಾರಿಸಿದ. ಸಾಯುವಾಗ ಏಕಾಂತಯ್ಯ ನಾಡಿಗೆ ಜಯಕಾರ ಹಾಕಿದ ಎಂದು ಎಲ್ಲರೂ ಬರೆದಿದ್ದರು. ಸೊಣ್ಣಮ್ಮ ಒಬ್ಬಳೇ ಬೇರೆ ಹೇಳುತ್ತಿದ್ದಳು.

"ನಾನಾಗ ಲಂಗದ ಹುಡುಗಿ. ಬಂಡೆಯ ಆ ತುದೀಲಿ ಆಡು ಮೇಯಿಸ್ತಿದ್ದೆ. ಗುಂಡು ಹಾರಿದ್ದೇ ತಡ, ಜನವೆಲ್ಲ ಕೊಲೆಗಾರನ ಹಿಂದೆ ಓಡಿದ್ರು. ಅಯ್ಯನೋರು ಒಬ್ರೇ ಬಿದ್ದಿದ್ರು. ಕೂಗೋಕೆ ಹೋದ್ರು, ಬರೀ ಉಸಿರು ಬಂತು. 'ಅವನ್ನ ಹೊಡೀಬೇಡ್ರಪ್ಪಾ, ಮಕ್ಕಳೊಂದಿಗ' ಅಂದ್ರು. ನಂಗೆ ಕೇಳಿಸ್ತು."

ಈ ತುದಿಯ ಉಸಿರು ಆ ತುದಿಗೆ ಕೇಳಿಸಿತೆಂದರೆ ಯಾರು ನಂಬುತ್ತಾರೆ? ಊರು ಅವಳಿಗೆ 'ಬಂಡೆ ಸೊಣ್ಣಿ' ಎಂದು ಹೆಸರಿಟ್ಟಿತು. ಮದುವೆಯಾಗಿ, ಮಕ್ಕಳಾಗಿ, ತಲೆ ಬೆಳ್ಳಗಾದರೂ ಆ ಹೆಸರು ಹೋಗಲಿಲ್ಲ. ಅಜ್ಜಿ ನಗುತ್ತಲೇ ಸಹಿಸಿದ್ದಳು. ವನಜಾಕ್ಷಿ ಮಾತ್ರ ಆ ಹೆಸರು ಕೂಗಿದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದಳು. ಈಗ ಅಚ್ಚಿನಲ್ಲೂ ಸುಳ್ಳಿ ಎಂದಾಗಿಬಿಟ್ಟರೆ?

ಜಯದೇವ ಮತ್ತೆ ಬಂದ. ಮತ್ತೆ ಮತ್ತೆ ಬಂದ. ಸೈಕಲ್ ಬೆಲ್ಲು ತಿರುವಿನಲ್ಲಿ ಕೇಳಿದರೆ ಸಾಕು, ವನಜಾಕ್ಷಿಯ ಕೈ ತಾನಾಗಿ ಜಡೆಯ ಕಡೆಗೆ ಹೋಗುತ್ತಿತ್ತು.

"ಅದೇನ್ ಸಾರ್, ನಂಗೆ ಡ್ಯೂಟಿ ಇಲ್ಲದ ದಿನವೇ ನಿಮ್ಮ ಚರಿತ್ರೆಗೆ ಡೌಟ್ ಬರುತ್ತೆ?"

ಅವನ ಕಿವಿ ಕೆಂಪಾಯಿತು. ಮಜ್ಜಿಗೆಯ ಲೋಟದೊಳಗೆ ಮುಖ ಮರೆಸಿಕೊಂಡ. ಲೋಟ ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು.

ಆದರೆ ಕೆಲಸದ ಮಾತಿಗೆ ಬಂದರೆ ಅವನು ಜಗ್ಗುವ ಆಸಾಮಿಯಲ್ಲ. ಸಭೆಗೆ ಸಾವಿರಾರು ಜನ ಸೇರಿದ್ದರೆಂದು ಒಬ್ಬರು ಬರೆದಿದ್ದನ್ನು ಅವನೇ ಹೊಡೆದುಹಾಕಿದ. ಏಕಾಂತಯ್ಯ ಪೇಟ ಸುತ್ತಿದ್ದ ಎಂಬ ಅಜ್ಜಿಯ ಮಾತೂ ತಪ್ಪು, ಅಂದಿನ ಫೋಟೋದಲ್ಲಿ ಬರಿದಲೆ ಇದೆ ಎಂದ.

"ಹಂಗಾದ್ರೆ ನಾನು ಕೇಳಿದ್ದೂ ತಪ್ಪಾ ಮಗಾ?" ಎಂದಳು ಅಜ್ಜಿ. ಮೊದಲ ಸಲ ಅವಳ ದನಿ ನಡುಗಿತು.

ಜಯದೇವ ಬರೆಯುತ್ತಿದ್ದ ಪುಸ್ತಕ ಮುಚ್ಚಿಟ್ಟ. ಆಮೇಲೆ, "ಬಂಡೆ ಇನ್ನೂ ಅಲ್ಲೇ ಇದೆಯಲ್ಲ ಅಜ್ಜಿ. ಅದನ್ನೇ ಕೇಳೋಣ" ಎಂದ.

ಭಾನುವಾರ ಬೆಳಿಗ್ಗೆ ನಾಲ್ವರೂ ಬಂಡೆಯ ಬಳಿ ಸೇರಿದರು. ನಾಲ್ಕನೆಯವರು ಸಮಿತಿಯ ಸಂಪಾದಕ, ರಿಟೈರ್ಡ್ ಪ್ರೊಫೆಸರ್ ಗುರುಬಸಪ್ಪ. ಎರಡು ಬಸ್ಸು ಸಾಲಾಗಿ ನಿಂತರೂ ಜಾಗ ಉಳಿಯುವಷ್ಟು ಉದ್ದದ ಬಂಡೆ ಅದು, ಕುಡುಗೋಲಿನಂತೆ ಒಳಕ್ಕೆ ಬಾಗಿತ್ತು. ಏಕಾಂತಯ್ಯ ಬಿದ್ದ ತುದಿಯಲ್ಲಿ ಜಯದೇವ ಬಂಡೆಗೆ ಮುಖಮಾಡಿ ಕೂತು ಏನಾದರೂ ಪಿಸುಗುಟ್ಟಬೇಕು. ಈ ತುದಿಯಲ್ಲಿ ವನಜಾಕ್ಷಿ ಅವನಿಗೆ ಬೆನ್ನು ಹಾಕಿ ಕೇಳಿಸಿಕೊಳ್ಳಬೇಕು. ಏನು ಕೇಳಿಸಿತೋ ಅದನ್ನು ಗುರುಬಸಪ್ಪನವರೆದುರು ಹೇಳಬೇಕು.

ಅವಳು ನಿಂತಳು. ಗಾಳಿ ಬಿಟ್ಟರೆ ಏನೂ ಕೇಳಿಸಲಿಲ್ಲ. ಇನ್ನೊಂದು ಸಲ ಮಾಡಿ ನೋಡಿದರು. ಆಗಲೂ ಇಲ್ಲ.

ಗುರುಬಸಪ್ಪ ನಿಟ್ಟುಸಿರು ಬಿಟ್ಟರು. "ಬೇಜಾರು ಮಾಡ್ಕೋಬೇಡಮ್ಮ. ಮಕ್ಕಳ ಮನಸ್ಸು ಏನೇನೋ ಕೇಳಿಸ್ಕೊಳ್ಳುತ್ತೆ."

ವನಜಾಕ್ಷಿಯ ಕಣ್ಣು ತುಂಬಿತು. "ಅಜ್ಜಿ, ಆವತ್ತು ನೀನು ಹಿಂಗೇ ನಿಂತಿದ್ಯಾ?"

"ನಿಲ್ಲೋದಾ? ಗುಂಡಿನ ಸದ್ದಿಗೆ ಜೀವ ಹೋಗಿತ್ತು ಕಣವ್ವಾ. ಮುದುಡ್ಕೊಂಡು ಬಂಡೆಗೆ ಕೆನ್ನೆ ಒತ್ತಿ ಕೂತಿದ್ದೆ."

ಹೇಗೆ ಕೂತಿದ್ದೆ ಎಂದು ಇಷ್ಟು ವರ್ಷದಲ್ಲಿ ಯಾರೂ ಅಜ್ಜಿಯನ್ನು ಕೇಳಿರಲಿಲ್ಲ, ಮೊಮ್ಮಗಳೂ ಸೇರಿ.

ವನಜಾಕ್ಷಿ ಕೈಯೆತ್ತಿ, ಇನ್ನೊಂದು ಸಲ ಎಂದು ಜಯದೇವನಿಗೆ ಸನ್ನೆ ಮಾಡಿ, ಮೊಣಕಾಲೂರಿ ಕೂತು ಬಂಡೆಗೆ ಕೆನ್ನೆಯಿಟ್ಟಳು. ಕಲ್ಲು ತಣ್ಣಗಿತ್ತು. ಮರುಕ್ಷಣ ಅವಳ ಮೈಯೆಲ್ಲ ಜುಮ್ಮೆಂದಿತು. ಕಿವಿಯ ಪಕ್ಕದಲ್ಲೇ ಯಾರೋ ಉಸಿರಾಡಿದರು.

"ಮಂಗಳವಾರ ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಬಂದೆ ವನಜಾಕ್ಷಿ. ಸತ್ಯ ಗೆಲ್ಲಲಿ ಅಂತಲ್ಲ, ಅಜ್ಜಿ ಗೆಲ್ಲಲಿ ಅಂತ. ನಿಮಗೆ ಹೆಂಗೂ ಕೇಳಿಸಲ್ಲ, ಹೇಳಿಬಿಡ್ತೀನಿ. ನೀವಿಲ್ದೆ ನನ್ನ ಕೈಲಾಗಲ್ಲ."

ಅವಳು ಅಲುಗಾಡಲಿಲ್ಲ. ದಿನವಿಡೀ ತಂತಿಯಲ್ಲಿ ದೂರದ ದನಿಗಳನ್ನು ಕೇಳುವವಳು, ಇಂಥದ್ದನ್ನು ಎಂದೂ ಕೇಳಿರಲಿಲ್ಲ. ಅಂದರೆ ಏಕಾಂತಯ್ಯನೂ ಇದೇ ಬಂಡೆಗೆ, ಇಷ್ಟೇ ಮೆಲ್ಲಗೆ ಹೇಳಿದ್ದ. ಗುಂಡು ತಿಂದ ಮನುಷ್ಯ, ತನಗೆ ಗುಂಡಿಟ್ಟವನ ಮಕ್ಕಳನ್ನು ನೆನೆದಿದ್ದ. ಹೆದರಿದ ಹುಡುಗಿಯೊಬ್ಬಳ ಕೆನ್ನೆಗೆ ಕಲ್ಲು ಅದನ್ನು ತಲುಪಿಸಿತ್ತು. ವನಜಾಕ್ಷಿ ಬಂಡೆಗೆ ಕೈಮುಗಿದಳು.

"ಕೇಳಿಸ್ತೇನಮ್ಮ?" ಎಂದರು ಗುರುಬಸಪ್ಪ.

ಜಯದೇವ ಬರುತ್ತಿದ್ದ. ಅವಳು ಕೂತ ಭಂಗಿ ನೋಡಿ ಅವನ ನಡಿಗೆ ತಡವರಿಸಿತು, ಮುಖ ಬಿಳಿಚಿಕೊಂಡಿತು. ಇಲ್ಲ ಎಂದರೆ ಅವಳ ಮಾನ ಉಳಿಯುತ್ತದೆ. ಅಜ್ಜಿ ಎಂದೆಂದಿಗೂ ಬಂಡೆ ಸೊಣ್ಣಿಯಾಗಿಯೇ ಉಳಿಯುತ್ತಾಳೆ.

ವನಜಾಕ್ಷಿ ಎದ್ದು ನಿಂತಳು. ಸೆರಗನ್ನು ಸರಿಮಾಡಿಕೊಂಡು, ನಂಬರ್ ಓದಿ ಹೇಳುವಷ್ಟು ಸ್ಪಷ್ಟವಾಗಿ, ನಿಂಬೆಹಣ್ಣಿನ ದೀಪದಿಂದ ಹಿಡಿದು ಕೊನೆಯ ಮಾತಿನವರೆಗೂ ಒಂದಕ್ಷರ ಬಿಡದೆ ಹೇಳಿದಳು.

ಗುರುಬಸಪ್ಪ ಕೆಮ್ಮಿದರು. "ಜಯದೇವ, ನೀನು... ಇದನ್ನೇ ಹೇಳಿದ್ಯಾ?"

ಈಗ ಅವನ ಸರದಿ. ಅಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಅವನು ಅವಳ ಕಣ್ಣನ್ನೇ ನೋಡಿದ.

"ಹೌದು ಸಾರ್. ಒಂದು ಮಾತೂ ಹೆಚ್ಚುಕಮ್ಮಿ ಇಲ್ಲ."

"ಪರೀಕ್ಷೆ ಮಾಡೋನೇ ಒಂದು ಪಾರ್ಟಿ ಸೇರ್ಕೊಂಡ್ರೆ ಹೆಂಗಯ್ಯಾ!" ಎಂದು ಗದರಿದ ಗುರುಬಸಪ್ಪ, ಮರುಗಳಿಗೆ ಬಂಡೆಯನ್ನು ತಲೆಯೆತ್ತಿ ನೋಡಿದರು. "ಆದ್ರೆ ಆ ದೀಪದ ವಿಷಯ ಈಕೆಗೆ ಗೊತ್ತಿರೋಕೆ ಸಾಧ್ಯವಿಲ್ಲ." ಅಜ್ಜಿಯ ಕಡೆ ತಿರುಗಿ ಕೈಮುಗಿದರು. "ತಾಯಿ, ನಿಮ್ಮ ಮಾತನ್ನ ಹಾಗೇ ಹಾಕ್ತೀವಿ."

ಸೊಣ್ಣಮ್ಮ ನೆಲಕ್ಕೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಲೇ ನಕ್ಕಳು.

"ನನ್ನ ಲೆಕ್ಕ ಆಯ್ತು. ಹುಡುಗ ಕಾಯ್ತಾವ್ನಲ್ಲ, ಅವನಿಗೇನವ್ವಾ ಹೇಳ್ತೀಯ?"

ವನಜಾಕ್ಷಿ ಜಯದೇವನಿಗೆ ಬಂಡೆಯ ಬುಡ ತೋರಿಸಿ, "ಕೂತ್ಕೊಳ್ಳಿ. ಕೆನ್ನೆ ಒತ್ತಿ" ಎಂದಷ್ಟೇ ಹೇಳಿ, ಬಂಡೆಯ ಉದ್ದಕ್ಕೂ ಬೆರಳಾಡಿಸುತ್ತ ಆ ತುದಿಗೆ ನಡೆದಳು. ಅಲ್ಲಿ ಕೂತು, ಎರಡೂ ಅಂಗೈಯನ್ನು ಕಲ್ಲಿಗಿಟ್ಟು, ಕಣ್ಣು ಮುಚ್ಚಿ ತುಟಿ ಆಡಿಸಿದಳು.

ಈಚೆ ಜಯದೇವ ಉಸಿರು ಬಿಗಿಹಿಡಿದು ಕೂತಿದ್ದ. ಅವನ ಮುಖ ಮೆಲ್ಲಮೆಲ್ಲನೆ ಅರಳಿತು. ಅವನ ಪಕ್ಕದಲ್ಲೇ ಬಂಡೆಗೆ ಕೆನ್ನೆ ಒತ್ತಿಕೊಂಡಿದ್ದ ಸೊಣ್ಣಮ್ಮ ಊರಿಗೆಲ್ಲ ಕೇಳುವಂತೆ ಕೂಗಿದಳು.

"ನಂಗೂ ಕೇಳಿಸ್ತು ಕಣವ್ವೋ!"