ನಲವತ್ತೊಂದನೆಯ ಮನೆಯ ಬಾಗಿಲು

"ನಾನ್ ಇಪ್ಪತ್ತೆರಡು ವರ್ಸ ಬಾಳಿದ ಮನೇನ ಖಾಲಿ ಅಂತ ಬರ್ದವ್ರಲ್ಲಕ್ಕಾ!"

ಪೀಣ್ಯದ ಶೆಡ್ಡೊಂದರ ನೆಲದಲ್ಲಿ ಹಾಸಿದ್ದ ಬಿಳಿಯ ಬಟ್ಟೆಯೆದುರು ರಾಮಮ್ಮ ಕುಸಿದು ಕುಳಿತಿದ್ದಳು. ಹನ್ನೊಂದು ವರ್ಷಗಳ ಹಿಂದೆ ನೆಲಸಮವಾದ ಸರ್ಕಾರಿ ಕ್ವಾರ್ಟರ್ಸಿನ ತೊಂಬತ್ತಾರು ಮನೆಗಳನ್ನು ಅಲ್ಲಿದ್ದವರೇ ನೆನಪಿನಿಂದ ಬಟ್ಟೆಯ ಮೇಲೆ ಬರೆದಿಟ್ಟಿದ್ದರು: ಗೋಡೆ, ಬಾಗಿಲು, ಮಂಚ, ಮನೆಯವರ ಹೆಸರು. ಅವರ ಕಾಗದಪತ್ರಗಳು ಗೋಡೆಗಳೊಂದಿಗೇ ಮಣ್ಣಾಗಿದ್ದವು. ಬದಲಿ ಮನೆಯ ಹಕ್ಕಿಗೆ ಉಳಿದ ಸಾಕ್ಷಿ ಆ ಬಟ್ಟೆಯೊಂದೇ. ವಿಚಾರಣೆ ಅಂದೇ ಮಧ್ಯಾಹ್ನ ಮೂರಕ್ಕೆ. ಈಗ ಅದನ್ನು ಬೀಗ ಹಾಕಿಟ್ಟಿದ್ದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅದರಂತೆಯೇ ಬರೆದ ಬೇರೊಂದು ಬಟ್ಟೆ. ರಾಮಮ್ಮನ ನಲವತ್ತೊಂದೂ ಸೇರಿ ಹತ್ತೊಂಬತ್ತು ಮನೆಗಳಲ್ಲಿ ಹೆಸರಿನ ಬದಲು ‘ಖಾಲಿ’.

ಒಲೆಯ ಮೇಲೆ ಅನ್ನ ಬೇಯುತ್ತಿದ್ದಾಗಲೇ ಗೋಡೆ ಕೆಡವಿದವರು ಈಗ ನೆನಪನ್ನೂ ಕೆಡವಲು ಬಂದರೇ? ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿದ ಮುನಿರಾಜು ಸಿಟ್ಟಿನಿಂದ ಪೆಟ್ಟಿಗೆಯ ಮುಚ್ಚಳವನ್ನು ಬಡಿದು ಮುಚ್ಚಿದ. ಬಟ್ಟೆಯಲ್ಲಿ ಪ್ರತಿ ಬಾಗಿಲೂ ಅಚ್ಚುಕಟ್ಟಾಗಿ ಒಳಕ್ಕೆ, ಮಂಚದ ಕಡೆಗೆ ತೆರೆದಿತ್ತು. ಅವನು ಅದನ್ನು ನೋಡಿಯೂ ನೋಡಲಿಲ್ಲ.

ಶರಣಮ್ಮ ನೋಡಿದಳು. ಕಾರ್ಖಾನೆಯಲ್ಲಿ ಬಿಡಿಭಾಗಗಳ ದೋಷ ಹಿಡಿಯುತ್ತಿದ್ದ ಅವಳೇ ಕ್ವಾರ್ಟರ್ಸಿಗೆ ಪತ್ತೇದಾರಿಣಿ. ಅವಳ ಬೆನ್ನಿಗೆ ಯಾವಾಗಲೂ ಮುನಿರಾಜು.

"ಪೆಟ್ಟಿಗಿ ಕೀಲಿ ಯಾರ ಹತ್ರ ಐತಿ?"

"ವನಜಾ, ಗದಿಗೆಪ್ಪ, ಲೋಕೇಶ್. ಮೂರೇ ಜನ ಅಕ್ಕ," ಎಂದ ಮುನಿರಾಜು.

"ಮೂವರನ್ನೂ ಕರಿ. ಬಾಗಲಾ ಮುಚ್ಚು. ಬಡದ ಮ್ಯಾಲ ಏನು ಮಾಡ್ತಾರ, ಕಿಟಕ್ಯಾಗಿಂದ ನೋಡು."

ಮೊದಲು ಬಂದ ಮುದುಕ ಗದಿಗೆಪ್ಪ ಬಾಗಿಲು ಬಡಿದು, ಎರಡು ಹೆಜ್ಜೆ ಹಿಂದೆ ಸರಿದು ಪಕ್ಕಕ್ಕೆ ನಿಂತ. ಬಟ್ಟೆ ಹೊಲಿದುಕೊಟ್ಟಿದ್ದ ವನಜಾಳೂ ಹಾಗೆಯೇ. ಲೋಕೇಶ್ ಸಂಘದ ಕಾರ್ಯದರ್ಶಿ. ಕೊನೆಯ ಸಾಲಿನಲ್ಲಿ ಬೆಳೆದೆನೆನ್ನುತ್ತಿದ್ದ. ಆ ಸಾಲಿನವರೆಲ್ಲ ಚದುರಿಹೋಗಿದ್ದರಿಂದ ಅಲ್ಲವೆನ್ನುವವರಿರಲಿಲ್ಲ. ಅವನು ಬಡಿದು, ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಫೋನು ನೋಡತೊಡಗಿದ.

ಎಲ್ಲರೂ ಬಟ್ಟೆಯ ಸುತ್ತ ಕುಳಿತ ಮೇಲೆ ಶರಣಮ್ಮ ಕೇಳಿದಳು. "ವನಜಾ, ನಮ್ಮ ಬಾಗಲಾ ಯಾವ ಕಡೆ ತೆರೀತಿದ್ದವು?"

"ಹೊರಗಡೆಗೆ! ಹತ್ತಡಿ ರೂಮಲ್ಲಿ ಮಂಚ ಹಾಕಿದ್ರೆ ಒಳಗೆಲ್ಲಿ ತೆಗೆಯೋಕಾಗುತ್ತೆ? ಮೊದಲ್ನೇ ವರ್ಷವೇ ಎಲ್ಲಾರೂ ಕಿತ್ತು ತಿರುಗಿಸಿದ್ವಲ್ಲ."

"ಬಡದು ಸರೀಲಿಲ್ಲಾ ಅಂದ್ರ ಮೂಗು ಜಜ್ಜೇಹೋಗೂದು," ಎಂದು ಗದಿಗೆಪ್ಪ ನಕ್ಕ.

"ಸರ್ಕಾರಿ ಆಫೀಸಿನ ನಕ್ಷೆದಾಗ ಮಾತ್ರ ಇವತ್ತಿಗೂ ಒಳಗ ತೆರೀತಾವು. ಕಳ್ಳ ಅದನ್ನ ಮುಂದಿಟ್ಕೊಂಡು, ನಾವು ತಪ್ಪು ಗೀಚೇವಿ ಅಂತ ತೊಂಬತ್ತಾರೂ ಬಾಗಲಾ ತಿದ್ಯಾನ. ಅಲ್ಲಿ ಬಾಳಿದವರು ಅದನ್ನ ತಿದ್ದೂದಿಲ್ಲ. ಬಡದು ಹಿಂದ ಸರಿಯೂದನ್ನೂ ಮರಿಯೂದಿಲ್ಲ." ಅವಳು ತಿರುಗಿದಳು. "ಲೋಕೇಶಾ, ನೀ ಯಾಕೋ ಸರೀಲಿಲ್ಲ?"

"ನಾಲಿಗೆ ಬಿಗಿಹಿಡಿದು ಮಾತಾಡಿ ಮೇಡಂ, ನಾನು ಕಾರ್ಯದರ್ಶಿ..." ಸುತ್ತಲಿನ ಮುಖಗಳನ್ನು ಕಂಡು ಅವನ ದನಿ ಇಳಿಯಿತು. "ಮನೆಗಳು ಖಾಲಿ ಅಂತ ತೋರ್ಸಿದ್ರೆ ನಂಗೊಂದು ಫ್ಲಾಟ್ ಕೊಡ್ತೀವಂದ್ರು, ಬದಲಿ ಮನೆ ಕಟ್ಟೋ ಬಿಲ್ಡರ್ ಕಡೆಯವ್ರು."

"ಹಳೇ ಬಟ್ಟೆ ಎಲ್ಲೋ?" ಮುನಿರಾಜು ಅವನ ಕಾಲರಿಗೆ ಕೈಹಾಕಿದ.

"ಸುಟ್ಟಾಕ್ಬಿಟ್ಟೆ."

ಎತ್ತಿದ ಕೈಯನ್ನು ಶರಣಮ್ಮ ಹಿಡಿದಳು. "ಗಂಟಿ ಹನ್ನೊಂದು, ಮುನಿರಾಜು. ಕೈಗೆ ಬ್ಯಾರೆ ಕೆಲಸ ಐತಿ. ಸುಟ್ಟದ್ದು ಬಟ್ಟಿ ಅಷ್ಟೇ."

ವನಜಾ ಹೊಸ ಬಟ್ಟೆ ಹಾಸಿದಳು. ರಾಮಮ್ಮ ಕಣ್ಣೊರೆಸಿಕೊಂಡು ಪೆನ್ನು ಹಿಡಿದಳು. ಗೋಡೆಗೂ ಮೊದಲು ಬಾಗಿಲು ಬರೆದಳು; ಗೆರೆ ಹೊರಕ್ಕೆ ಬಾಗುತ್ತ ಲೋಕೇಶನ ಬೂಟಿನವರೆಗೆ ಬಂತು. ಅವಳು ತಲೆಯೆತ್ತಲಿಲ್ಲ.

"ಸರ್ಕೊಳೋ ಆಚೆ. ನನ್ ಬಾಗ್ಲು ತೆಗೀಬೇಕು."